ಲಿಂಬೆ, ಮೋಸಂಬಿಯಲ್ಲಿ ಎಳೆಕಾಯಿ ಉದುರ್ತಿದ್ಯಾ? ಗೊಬ್ಬರ ಎಲ್ಲಿ ಕೆಲಸ ಮಾಡ್ತದೆ, ಎಲ್ಲಿ ಮಾಡಲ್ಲ: ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ಬಹಾರದಲ್ಲೂ, ಅಂದ್ರೆ ಹೂವು ಬಿಡೋ ಪ್ರತಿ ಹಂಗಾಮಲ್ಲೂ, ಅದೇ ಕತೆ. ಗಿಡದ ತುಂಬಾ ಬೆಳ್ಳಗೆ ಹೂವು, ತೋಟದಾಗ ಕಾಲಿಟ್ರೆ ಘಮ ಘಮ, ಈ ಸಲ ಪಕ್ಕಾ ಅಂತ ಲೆಕ್ಕ ಹಾಕ್ಕೊಂಡಿರ್ತೀವಿ, ಇಪ್ಪತ್ತು ದಿನ ಬಿಟ್ಟು ಹೋಗಿ ನೋಡಿದ್ರೆ ಬುಡದಲ್ಲಿ ಮೆಣಸಿನಕಾಳು ಚೆಲ್ಲಿದಂಗೆ ಮಿಡಿ ಬಿದ್ದಿರ್ತವೆ. ತಕ್ಷಣ ಅಂಗಡಿಗೆ ಓಡೋದು, ಅವರು ಕೊಟ್ಟ ಬಾಟ್ಲಿ ತಂದು ಹೊಡೆಯೋದು. ನಾನೂ ಇದನ್ನೇ ಮಾಡ್ದೋನು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ನಾನು ಮುಖ್ಯವಾಗಿ ವಿಜಯಪುರ ಕಡೆಯ ಕಾಗ್ಜಿ ಲಿಂಬೆ ಮನಸ್ಸಲ್ಲಿಟ್ಕೊಂಡು ಬರೀತೀನಿ, ಇಂಡಿ ಸುತ್ತಮುತ್ತ ಎರಿ ಭೂಮಿ, ಸುಣ್ಣದ ಅಂಶ ಜಾಸ್ತಿ, ಬೋರಿನ ನೀರು. ಮೋಸಂಬಿ, ಕಿತ್ತಳೆಗೂ ಮೂಲ ವಿಷಯ ಒಂದೇ, ಆದ್ರೆ ಮಣ್ಣು ಬೇರೆ ಆದ್ರೆ ಉತ್ತರ ಬೇರೆ ಆಗ್ತದೆ. ಕೊಡಗಿನವರಿಗೆ ಎಲ್ಲಿ ಉಲ್ಟಾ ಆಗ್ತದೆ ಅನ್ನೋದನ್ನ ಮಧ್ಯದಲ್ಲಿ ಹೇಳ್ತೀನಿ.

ಮೊದಲು ಇದನ್ನ ಒಪ್ಕೊಳ್ರಿ: ಉದುರೋದು ಗಿಡದ ಲೆಕ್ಕಾಚಾರ

ಸಿಟ್ರಸ್ ಗಿಡ ಬಿಟ್ಟ ಹೂವೆಲ್ಲಾ ಕಾಯಿ ಆಗಲ್ಲ, ಆಗಲೂಬಾರದು. ಸಾಮಾನ್ಯವಾಗಿ 100 ಹೂವಲ್ಲಿ ಒಂದೋ ಎರಡೋ, ಬಹಳ ಚಲೋ ಅಂದ್ರೆ ನಾಲ್ಕು ಕೊಯ್ಲಿಗೆ ಬರ್ತವೆ. ಅಂದ್ರೆ ನೂರಕ್ಕೆ 95ಕ್ಕಿಂತ ಹೆಚ್ಚು ಉದುರಿದ್ರೂ ಅದು ಆರೋಗ್ಯವಂತ ಗಿಡವೇ ಇರಬಹುದು. 100ಕ್ಕೆ 2 ನಿಲ್ಲೋ ಕಡೆ 3 ನಿಲ್ಲಿಸಿದ್ರೆ ಇಳುವರಿ ಒಂದೂವರೆ ಪಟ್ಟು ಆಯ್ತು. ನಮ್ಮ ಆಟ ಇರೋದು ಆ ಒಂದು ಕಾಯಿಯಲ್ಲಿ, ಉದುರೋ 95ರಲ್ಲಿ ಅಲ್ಲ.

ಗಿಡ ಯಾಕೆ ಉದುರಿಸ್ತದೆ ಅಂದ್ರೆ, ಪ್ರತಿ ಮಿಡಿಗೂ ಸಕ್ಕರೆ ಬೇಕು, ಸಕ್ಕರೆ ಮಾಡೋದು ಎಲೆ. ಎಲೆಗಳು ದಿನಕ್ಕೆ ಮಾಡೋ ಸಕ್ಕರೆಗಿಂತ ಮಿಡಿಗಳು ಕೇಳೋದು ಜಾಸ್ತಿ ಆದಾಗ ಗಿಡ ದುರ್ಬಲ ಮಿಡಿಗಳ ಬಾಗ್ಲು ಹಾಕ್ತದೆ. ಮಿಡಿಯೊಳಗೆ ಜಿಬ್ಬರೆಲಿನ್ ಅನ್ನೋ ಬೆಳವಣಿಗೆ ಹಾರ್ಮೋನ್ ಕಡಿಮೆ ಆಗಿ, ಅಬ್ಸಿಸಿಕ್ ಆಸಿಡ್ ಮತ್ತು ಎಥಿಲೀನ್ ಏರ್ತವೆ, ತೊಟ್ಟಿನ ಹತ್ರ ಒಂದು ಪದರ ಸಡಿಲ ಆಗಿ ಕಾಯಿ ಕಳಚ್ತದೆ. ಸತ್ಸುಮಾ ಕಿತ್ತಳೆ ಗಿಡಗಳಲ್ಲಿ ಹೂವಿನ ಹೊತ್ತಿಗೆ ಎಲೆ ಕಿತ್ತುಹಾಕಿ ಪ್ರಯೋಗ ಮಾಡಿ ನೋಡಿದಾರೆ, ಮಿಡಿ ಭಾರೀ ಪ್ರಮಾಣದಲ್ಲಿ ಬಿದ್ದುಹೋದವು. ಹಂಗಾಗಿ ಎಲೆ ಅನ್ನೋದೇ ನಿಮ್ಮ ಬಂಡವಾಳ. ಗೊಬ್ಬರದ ಕೆಲಸ ಕಾಯಿಗೆ ಅಂಟು ಹಾಕೋದಲ್ಲ, ಹೂವು ಬರೋ ಮುಂಚೆ ಹಸಿರಾದ, ದಪ್ಪನೆಯ ಎಲೆ ರೆಡಿ ಇಡೋದು. ಬಿದ್ದ ಮೇಲೆ ಹಾಕೋ ಗೊಬ್ಬರ ಹೆಚ್ಚಾಗಿ ಮುಂದಿನ ಬಹಾರಕ್ಕೆ ಹೋಗ್ತದೆ, ಈ ಬಹಾರಕ್ಕಲ್ಲ. ಯಾಕಂದ್ರೆ ಹೊಸ ಚಿಗುರು ಮತ್ತು ಹೂವಿಗೆ ಬೇಕಾದ ಸಾರಜನಕದ ಬಹುಪಾಲು ಹಳೇ ಎಲೆ, ಕಟ್ಟಿಗೆಯಲ್ಲಿ ಮೊದ್ಲೇ ಶೇಖರ ಆಗಿರೋದ್ರಿಂದ ಬರ್ತದೆ.

ಮೊದಲ ಹೆಜ್ಜೆ: ಬಗ್ಗಿ ಬಿದ್ದ ಮಿಡಿ ಎತ್ತಿ ನೋಡ್ರಿ

ಇದನ್ನ ಯಾರೂ ಮಾಡಲ್ಲ. ಒಂದು ಗಿಡದ ಕೆಳಗಿಂದ ಒಂದು ಹಿಡಿ ಬಿದ್ದ ಮಿಡಿ ತಗೊಂಡು ಬಿಳಿ ಬಟ್ಟೆ ಮೇಲೆ ಹರಡ್ರಿ.

ತೊಟ್ಟು ಸಮೇತ ಬಿದ್ದಿದ್ರೆ, ಅಂದ್ರೆ ಹಸಿರು ಕಡ್ಡಿ ಕಾಯಿಗೇ ಅಂಟ್ಕೊಂಡಿದ್ರೆ, ಅದು ಮೊದಲ ಅಲೆ. ಹೂವು ಉದುರಿದ ಮೇಲೆ ಮೊದಲ ಕೆಲವು ವಾರದಲ್ಲಿ ಬರೋದು, ಕಡ್ಡಿ ಟೊಂಗೆಗೆ ಸೇರೋ ಜಾಗದಲ್ಲಿ ಕಳಚಿರ್ತದೆ. ಇದರಲ್ಲಿ ಪರಾಗಸ್ಪರ್ಶ ಆಗದವು, ದುರ್ಬಲ ಹೂವು, ಎಲೆ ಇಲ್ಲದ ಗೊಂಚಲಿನ ಹೂವು ಜಾಸ್ತಿ. ತೊಟ್ಟಿನ ಚಕ್ರ ಗಿಡದಲ್ಲೇ ಉಳಿದು ಬರೀ ಗುಂಡು ಕಾಯಿ ಮಾತ್ರ ಬಿದ್ದಿದ್ರೆ ಅದು ಎರಡನೇ ಅಲೆ, ಕಾಯಿ ಕಡಲೆಕಾಳಿಂದ ಸಣ್ಣ ಗೋಲಿ ಗಾತ್ರ ಇರೋವಾಗ, ಸುಮಾರು ಅರ್ಧ ಸೆಂಟಿಮೀಟರಿಂದ 2 ಸೆಂಟಿಮೀಟರ್ ತನಕ. ಕ್ಯಾಲಿಫೋರ್ನಿಯಾ, ಸ್ಪೇನ್ ಕಡೆ ಇದನ್ನ ಜೂನ್ ಡ್ರಾಪ್ ಅಂತಾರೆ, ಅಲ್ಲಿ ಮಾರ್ಚ್-ಏಪ್ರಿಲ್ ಹೂವು ಜೂನಲ್ಲಿ ಉದುರ್ತದೆ ಅದಕ್ಕೆ. ನಮ್ಮಲ್ಲಿ ಮೂರು ಬಹಾರ ಇರೋದ್ರಿಂದ ತಿಂಗಳ ಹೆಸರಿಗೆ ಅರ್ಥ ಇಲ್ಲ, ಕಾಯಿ ಗಾತ್ರ ನೋಡ್ರಿ. ಪೋಷಕಾಂಶ, ಸಕ್ಕರೆ, ನೀರಿನ ಕೊರತೆ ಎದ್ದು ಕಾಣೋದು ಈ ಎರಡನೇ ಅಲೆಯಲ್ಲಿ.

ಮೂರನೇದು, ಹೂವಿನ ಎಸಳ ಮೇಲೆ ಕಂದು-ಕಿತ್ತಳೆ ಬಣ್ಣದ ನೀರು ಕುಡಿದಂಥ ಕಲೆ ಇದ್ದು, ಕಾಯಿ ಬಿದ್ದ ಮೇಲೂ ತೊಟ್ಟಿನ ಚಕ್ರಗಳು ಗುಂಡಿ ಹೊಲಿದಂಗೆ ಟೊಂಗೆ ಮೇಲೆ ತಿಂಗಳುಗಟ್ಲೆ ನಿಂತಿದ್ರೆ ಅದು ಶಿಲೀಂಧ್ರ. ಹೂವಿನ ಟೈಮಲ್ಲಿ ಮಳೆ ಬಂದಾಗ ಬರ್ತದೆ. ಇದಕ್ಕೆ ಎಷ್ಟು ಜಿಂಕ್ ಹೊಡೆದ್ರೂ ಪ್ರಯೋಜನ ಇಲ್ಲ. ಕಾಯಿ ಮೇಲೆ ತೊಟ್ಟಿನ ಸುತ್ತ ಬೆಳ್ಳಿ ಉಂಗುರದಂಥ ಗಾಯ ಇದ್ರೆ ಥ್ರಿಪ್ಸ್. ಎಲೆ ಮೇಲೆ ಅಡ್ಡಾದಿಡ್ಡಿ ಹಳದಿ, ನಡುನರದ ಎರಡೂ ಬದಿ ಒಂದೇ ಥರ ಇಲ್ದೆ, ಕಾಯಿ ಒಂದು ಕಡೆ ಸೊಟ್ಟ ಆಗಿದ್ರೆ ಗ್ರೀನಿಂಗ್ ರೋಗದ ಅನುಮಾನ ಪಡ್ರಿ, ಅದು ಗೊಬ್ಬರದಿಂದ ವಾಸಿಯಾಗೋದಲ್ಲ. ಜಿಂಕ್ ಕೊರತೆ ಹಳದಿ ಎರಡೂ ಬದಿ ಕನ್ನಡಿಯಲ್ಲಿ ನೋಡಿದಂಗೆ ಸಮ ಇರ್ತದೆ, ಗ್ರೀನಿಂಗ್ ಸಮ ಇರಲ್ಲ. ಇದೊಂದು ಗುರ್ತು ಗೊತ್ತಿದ್ರೆ ಎಷ್ಟೋ ದುಡ್ಡು ಉಳೀತದೆ.

ಎರಡನೇ ಹೆಜ್ಜೆ: ಕಾಯಿ ಯಾವ ಹಂತದಲ್ಲಿದೆ ತಿಳ್ಕೊಳ್ರಿ

ಕಾಯಿ ಬೆಳೆಯೋದು ಮೂರು ಹಂತದಲ್ಲಿ. ಮೊದಲನೇದು ಜೀವಕೋಶಗಳು ಒಡೆದು ಸಂಖ್ಯೆ ಹೆಚ್ಚೋ ಹಂತ, ಕಿತ್ತಳೆ ಜಾತಿಯಲ್ಲಿ ಒಂದರಿಂದ ಎರಡು ತಿಂಗಳು, ಲಿಂಬೆ ಹೂವಿಂದ ಕೊಯ್ಲಿಗೆ 5-6 ತಿಂಗಳಲ್ಲೇ ಮುಗಿಯೋದ್ರಿಂದ ಅದರಲ್ಲಿ ಇನ್ನೂ ಬೇಗ. ಈ ಟೈಮಲ್ಲಿ ಕಾಯಿ ದಪ್ಪ ಆಗೋದು ಕಾಣಲ್ಲ, ಹೆಚ್ಚಿನ ಭಾಗ ಬರೀ ಸಿಪ್ಪೆ. ಆದ್ರೆ ಮುಂದೆ ಕಾಯಿ ಎಷ್ಟು ದಪ್ಪ ಆಗಬಹುದು ಅನ್ನೋದು ಇಲ್ಲೇ ನಿರ್ಧಾರ ಆಗ್ತದೆ, ಯಾಕಂದ್ರೆ ಕೋಶಗಳ ಸಂಖ್ಯೆ ಆಮೇಲೆ ಹೆಚ್ಚಲ್ಲ. ಎರಡನೇ ಹಂತ ಇದ್ದ ಕೋಶಗಳು ನೀರು, ರಸ ತುಂಬ್ಕೊಂಡು ಉಬ್ಬೋದು, ಮೂರನೇದು ಬಲಿಯೋದು.

ಉದುರೋದು ಮೊದಲ ಹಂತದಲ್ಲಿ ಮತ್ತೆ ಎರಡನೇದಕ್ಕೆ ದಾಟೋ ಹೊಸ್ತಿಲಲ್ಲಿ. ಕಾಯಿ ಗೋಲಿ ಗಾತ್ರ ದಾಟಿ ಉಬ್ಬೋಕೆ ಶುರುವಾದ ಮೇಲೆ ಸಹಜವಾಗಿ ಉದುರೋದು ಬಹಳ ಕಡಿಮೆ, ಆಗ ಉದುರಿದ್ರೆ ಕೀಟ, ರೋಗ, ನೀರಿನ ಏರುಪೇರು ಹುಡುಕ್ರಿ.

ಮೂರನೇ ಹೆಜ್ಜೆ: ಎಲೆ ಓದೋದು

ಪುಸ್ತಕದ ಫೋಟೋ ನೋಡಿ ತಲೆ ಕೆಡ್ಸ್ಕೋಬೇಡಿ, ಒಂದೇ ಪ್ರಶ್ನೆ ಮೊದಲು ಕೇಳ್ಕೊಳ್ರಿ: ಹಳದಿ ಆಗಿರೋದು ಹಳೇ ಎಲೆನೋ ಹೊಸ ಎಲೆನೋ? ಸಾರಜನಕ, ಮೆಗ್ನೀಸಿಯಂ, ಪೊಟ್ಯಾಶ್ ಗಿಡದೊಳಗೆ ಓಡಾಡ್ತವೆ, ಕಡಿಮೆ ಬಿದ್ರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡ್ತದೆ, ಹಂಗಾಗಿ ಹಳೇ ಎಲೆ ಸೊರಗ್ತದೆ. ಜಿಂಕ್, ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ ಹೋದ ಜಾಗದಲ್ಲೇ ಕೂತ್ಬಿಡ್ತವೆ, ಆದ್ದರಿಂದ ಹೊಸ ಚಿಗುರಲ್ಲಿ ಕಾಣ್ತದೆ. ಬೋರಾನ್ ಕೂಡ ಸಿಟ್ರಸ್‌ನಲ್ಲಿ ಹೆಚ್ಚು ಓಡಾಡಲ್ಲ.

ಇಡೀ ಗಿಡ ತಿಳಿಹಳದಿ, ಎಲೆ ವಿರಳ, ಹಳೇ ಎಲೆ ಬೇಗ ಉದುರ್ತಿದ್ರೆ ಸಾರಜನಕ. ಇಂಥ ಗಿಡ ಹೂವು ಮಾತ್ರ ರಾಶಿ ಬಿಡ್ತದೆ, ಎಲೆ ಇಲ್ಲದ ಬೋಳು ಗೊಂಚಲಲ್ಲಿ, ನೋಡೋಕೆ ಚಂದ, ನಿಲ್ಲೋದು ಮಾತ್ರ ಏನೂ ಇಲ್ಲ. ಎಲೆ ಜೊತೆಗೆ ಬಂದ ಹೂವು ಯಾವತ್ತೂ ಚೆನ್ನಾಗಿ ನಿಲ್ತದೆ. ಹಳೇ ಎಲೆಯ ಅಂಚು ಹಳದಿ ಆಗಿ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದಿದ್ರೆ ಮೆಗ್ನೀಸಿಯಂ, ಕಾಯಿ ಜಾಸ್ತಿ ಹೊತ್ತ ಟೊಂಗೆಯಲ್ಲಿ, ಬೀಜ ಜಾಸ್ತಿ ಇರೋ ತಳಿಯಲ್ಲಿ ಮೊದಲು ಬರ್ತದೆ.

ಹೊಸ ಎಲೆ ಸಣ್ಣಗೆ, ಕಿರಿದಾಗಿ, ಚೂಪಾಗಿ, ನರದ ಪಕ್ಕ ಹಸಿರು ಉಳಿದು ಮಧ್ಯೆ ಹಳದಿ, ಟೊಂಗೆ ತುದಿಯಲ್ಲಿ ಎಲೆಗಳು ಗುಂಪಾಗಿ ಕೂತಿದ್ರೆ ಜಿಂಕ್. ನಮ್ಮ ಎರಿ ಭೂಮಿಯಲ್ಲಿ ನಂಬರ್ ಒನ್ ಸಮಸ್ಯೆ ಇದೇ, ಸುಣ್ಣ ಜಾಸ್ತಿ, ಪಿಎಚ್ 8ರ ಆಸುಪಾಸು, ಮಣ್ಣಲ್ಲಿ ಜಿಂಕ್ ಇದ್ರೂ ಬೇರಿಗೆ ಸಿಗಲ್ಲ. ಅದರ ಮೇಲೆ ನಾವು ವರ್ಷಾ ವರ್ಷಾ ಡಿಎಪಿ ಸುರಿದು ರಂಜಕ ಹೆಚ್ಚಿಸ್ತೀವಿ, ಅದು ಜಿಂಕನ್ನ ಇನ್ನಷ್ಟು ಹಿಡಿದಿಡ್ತದೆ. ಗಿಡದೊಳಗೆ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗೋಕೆ ಜಿಂಕ್ ಬೇಕು, ಅದಿಲ್ದಿದ್ರೆ ಎಲೆನೂ ಇಲ್ಲ, ಮಿಡಿ ಹಿಡಿದಿಡೋ ಶಕ್ತಿನೂ ಇಲ್ಲ. ಎಲೆ ಗಾತ್ರ ಸರಿ ಇದ್ದು ಬರೀ ಬಣ್ಣ ಮಾಸಿದ್ರೆ ಮ್ಯಾಂಗನೀಸ್, ಚಿಗುರು ಬೆಳ್ಳಗಾಗಿ ಹಸಿರು ನರದ ಬಲೆ ಮಾತ್ರ ಕಂಡ್ರೆ ಕಬ್ಬಿಣ.

ಬೋರಾನ್ ಎಲೆ ನೋಡಿ ಹೇಳೋದು ಕಷ್ಟ. ಬಿದ್ದ ಮಿಡಿ ಬ್ಲೇಡಲ್ಲಿ ಕೊಯ್ದು ನೋಡ್ರಿ, ಸಿಪ್ಪೆ ಕೆಳಗಿನ ಬಿಳಿ ಭಾಗದಲ್ಲಿ ಕಂದು ಗೋಂದು ಕಂಡ್ರೆ, ಕಾಯಿ ಕಲ್ಲಿನಂಗೆ ಗಟ್ಟಿ ಇದ್ರೆ ಅನುಮಾನಕ್ಕೆ ಕಾರಣ ಇದೆ. ಬೋರಾನ್ ಬೇಕಾಗೋದು ಪರಾಗನಾಳ ಬೆಳೆದು ಬೀಜ ಕಟ್ಟೋಕೆ, ಬೀಜ ಕಟ್ಟಿದ ಮಿಡಿ ತಾನೇ ಜಿಬ್ಬರೆಲಿನ್ ಮಾಡ್ಕೊಂಡು ಸಕ್ಕರೆ ಎಳ್ಕೊಳ್ತದೆ, ಕಾಗ್ಜಿ ಲಿಂಬೆಯಂಥ ಬೀಜದ ಜಾತಿಗೆ ಇದು ದೊಡ್ಡ ವಿಷಯ. (ಅದಕ್ಕೇ ಹೂವಿನ ಟೈಮಲ್ಲಿ ಕೀಟನಾಶಕ ಹೊಡೆದು ಜೇನು ಓಡ್ಸಬೇಡಿ ಅಂತ ಗೋಗರೆಯೋದು.)

ನಾಲ್ಕನೇ ಹೆಜ್ಜೆ: ಎಲೆ ಪರೀಕ್ಷೆ, ಮಣ್ಣು ಪರೀಕ್ಷೆ

ಕಣ್ಣಿಗೆ ಕಾಣೋ ಹೊತ್ತಿಗೆ ನಷ್ಟ ಆಗಿರ್ತದೆ, ಹಂಗಾಗಿ ವರ್ಷಕ್ಕೊಮ್ಮೆ ಎಲೆ ಟೆಸ್ಟ್. ಕಾಯಿ ಇಲ್ಲದ ಟೊಂಗೆಯಿಂದ, 4ರಿಂದ 6 ತಿಂಗಳ ವಯಸ್ಸಿನ, ಪೂರ್ತಿ ಬಲಿತ ಎಲೆ ಆಗ್ಬೇಕು. ತೋಟದಲ್ಲಿ ಅಡ್ಡಡ್ಡ ನಡೀತಾ 20-25 ಗಿಡದಿಂದ ಗಿಡಕ್ಕೆ ನಾಲ್ಕು ದಿಕ್ಕಿಗೆ ಒಂದೊಂದು, ಒಟ್ಟು ನೂರು ಎಲೆ. ಪೇಪರ್ ಕವರಲ್ಲಿ ಹಾಕ್ರಿ, ಪ್ಲಾಸ್ಟಿಕ್ಕಲ್ಲಿ ಬೆವರಿ ಕೊಳೀತವೆ. ಸ್ಪ್ರೇ ಮಾಡಿದ ಮರುದಿನ ಕಿತ್ತು ಕಳಿಸಿದ್ರೆ ಎಲೆ ಮೇಲಿನ ಜಿಂಕೇ ರಿಪೋರ್ಟಲ್ಲಿ ಬರೋದು. ಒಳ್ಳೆ ಗಿಡ, ಸೊರಗಿದ ಗಿಡದ ಎಲೆ ಬೆರೆಸದೆ ಎರಡು ಕವರ್ ಮಾಡಿದ್ರೆ ಹೋಲಿಸೋಕೆ ಬಹಳ ಅನುಕೂಲ. ನನ್ನ ಕೇಳಿದ್ರೆ ಯಾವ ಪಟ್ಟಿಗಿಂತ ಆ ಹೋಲಿಕೆನೇ ಹೆಚ್ಚು ಹೇಳ್ತದೆ.

ಪಟ್ಟಿ ಬೇಕೇ ಬೇಕು ಅಂದ್ರೆ ಫ್ಲಾರಿಡಾದಲ್ಲಿ ಕಿತ್ತಳೆಗೆ ಬಳಸೋ ಅಂಕಿ ಹಿಂಗಿವೆ: ಸಾರಜನಕ 2.5ರಿಂದ 2.7 ಪರ್ಸೆಂಟ್, ರಂಜಕ 0.12ರಿಂದ 0.16, ಪೊಟ್ಯಾಶಿಯಂ 1.2ರಿಂದ 1.7, ಕ್ಯಾಲ್ಸಿಯಂ 3.0ರಿಂದ 4.9, ಮೆಗ್ನೀಸಿಯಂ 0.30ರಿಂದ 0.49. ಜಿಂಕ್, ಮ್ಯಾಂಗನೀಸ್ ಎರಡೂ 25ರಿಂದ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಬೋರಾನ್ 36ರಿಂದ 100. ಇದು ಅಲ್ಲಿನ ಮರಳು ಮಣ್ಣಿನ ಕಿತ್ತಳೆಗೆ ಕಟ್ಟಿದ್ದು, ನಮ್ಮ ಲಿಂಬೆಗೆ ಗೆರೆ ಕೊರೆದಂಗೆ ಹಚ್ಚಬೇಡಿ, ದಿಕ್ಕು ತಿಳಿಯೋಕೆ ಸಾಕು. ನಾಗಪುರದ ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆಯವರು ನಾಗಪುರ ಕಿತ್ತಳೆಗೆ ಬೇರೆನೇ ಮಟ್ಟ ಇಟ್ಟಿದಾರೆ. ರಿಪೋರ್ಟ್ ಹಿಡ್ಕೊಂಡು ಹತ್ರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಾಗಲಕೋಟೆ ತೋಟಗಾರಿಕೆ ವಿವಿಯವರ ಹತ್ರನೋ ಹೋಗ್ರಿ.

ಬೋರಿನ ನೀರೂ ಒಮ್ಮೆ ಟೆಸ್ಟ್ ಮಾಡ್ಸಿ. ಎಲೆ ತುದಿ ಸುಟ್ಟಂಗಿದ್ದು ನೀರಲ್ಲಿ ಕ್ಲೋರೈಡ್ ಜಾಸ್ತಿ ಬಂದ್ರೆ ಎಂಒಪಿ ಬಿಟ್ಟು ಎಸ್ಒಪಿಗೆ (ಪೊಟ್ಯಾಶಿಯಂ ಸಲ್ಫೇಟ್) ಬದಲಾಯಿಸ್ರಿ, ರೇಟ್ ಜಾಸ್ತಿ ನಿಜ, ಆದ್ರೆ ಎಂಒಪಿ ಅಂದ್ರೆ ಪೊಟ್ಯಾಶಿಯಂ ಕ್ಲೋರೈಡೇ, ಉಪ್ಪಿಗೆ ಉಪ್ಪು ಸೇರಿಸಿದಂಗೆ.

ಐದನೇ ಹೆಜ್ಜೆ: ಬುಡದ ಗೊಬ್ಬರ, ಅದೂ ಹೂವಿಗೆ ಮುಂಚೆ

ಅಂಬೆ ಬಹಾರಕ್ಕೆ ಜನವರಿ-ಫೆಬ್ರವರಿಯಲ್ಲಿ ಹೂವು, ಮೃಗ ಬಹಾರಕ್ಕೆ ಜೂನ್-ಜುಲೈ, ಹಸ್ತ ಬಹಾರಕ್ಕೆ ಸೆಪ್ಟೆಂಬರ್-ಅಕ್ಟೋಬರ್. ಬೇಸಿಗೆಯಲ್ಲಿ ರೇಟ್ ಸಿಗ್ಬೇಕಂದ್ರೆ ಹಸ್ತ ಬಹಾರ ಹಿಡೀಬೇಕು, ಅದೇ ಕಷ್ಟದ್ದು, ನೀರು ನಿಲ್ಲಿಸಿ ಗಿಡ ಬಾಡ್ಸಿದ್ರೇನೇ ಒಟ್ಟಿಗೆ ಹೂವು ಬರೋದು, ಮಳೆ ಇರೋವಾಗ ಗಿಡ ಬಾಡ್ಸೋದು ಹೆಂಗೆ ಹೇಳ್ರಿ. ಯಾವ ಬಹಾರ ಹಿಡೀತೀರೋ ಒಂದನ್ನ ಹಿಡೀರಿ, ಮೂರೂ ಬೇಕು ಅಂದ್ರೆ ಒಂದೇ ಗಿಡದಲ್ಲಿ ಹೂವು, ಮಿಡಿ, ಬಲಿತ ಕಾಯಿ ಒಟ್ಟಿಗೆ ಕೂತು ಒಂದರ ಊಟ ಇನ್ನೊಂದು ಕಿತ್ಕೊಳ್ತದೆ. ಎಳೆ ಮಿಡಿ ಆ ಜಗಳದಲ್ಲಿ ಯಾವತ್ತೂ ಸೋಲೋದೇ.

ಪ್ರಮಾಣಕ್ಕೆ ಬರೋಣ. ತಮಿಳುನಾಡು ಕೃಷಿ ವಿವಿ ಶಿಫಾರಸಿನಲ್ಲಿ 6 ವರ್ಷ ದಾಟಿದ ಲಿಂಬೆ ಗಿಡಕ್ಕೆ ವರ್ಷಕ್ಕೆ 30 ಕೆಜಿ ತಿಪ್ಪೆಗೊಬ್ಬರ, 600 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 300 ಗ್ರಾಂ ಪೊಟ್ಯಾಶ್ ಇದೆ. ಇದನ್ನ ಚೀಲದ ಭಾಷೆಗೆ ತಂದ್ರೆ ಯೂರಿಯಾ ಸುಮಾರು 1.3 ಕೆಜಿ, ಸಿಂಗಲ್ ಸೂಪರ್ ಫಾಸ್ಫೇಟ್ 1.25 ಕೆಜಿ, ಎಂಒಪಿ ಅರ್ಧ ಕೆಜಿ, ಎಸ್ಒಪಿ ಆದ್ರೆ 600 ಗ್ರಾಂ. ಸೂಪರ್ ಬದಲು ಡಿಎಪಿ ಹಾಕೋರು 435 ಗ್ರಾಂ ಡಿಎಪಿ ಹಾಕಿ ಯೂರಿಯಾ 1.13 ಕೆಜಿಗೆ ಇಳಿಸ್ರಿ, ಅದರಲ್ಲೂ ಸಾರಜನಕ ಇರ್ತದಲ್ಲ. ನನಗೆ ಸೂಪರ್ರೇ ಇಷ್ಟ, ಗಂಧಕ, ಕ್ಯಾಲ್ಸಿಯಂ ಜೊತೆಗೆ ಬರ್ತದೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೈ ಅಂತ ಬಂದ್ರೆ ಆ ವರ್ಷ ರಂಜಕ ಅರ್ಧಕ್ಕೆ ಇಳಿಸ್ರಿ, ಉಳಿದ ದುಡ್ಡಲ್ಲಿ ಜಿಂಕ್ ತಗೊಳ್ರಿ.

ತಿಪ್ಪೆಗೊಬ್ಬರ, ಪೂರ್ತಿ ರಂಜಕ, ಅರ್ಧ ಸಾರಜನಕ, ಅರ್ಧ ಪೊಟ್ಯಾಶ್ ಬಹಾರದ ಮೊದಲ ನೀರಿನ ಜೊತೆ ಹೋಗ್ಲಿ. ಉಳಿದ ಸಾರಜನಕ, ಪೊಟ್ಯಾಶ್ ಒಂದೇ ಸಲಕ್ಕೆ ಬೇಡ, ಕಾಯಿ ಗೋಲಿ ಗಾತ್ರ ದಾಟಿದ ಮೇಲೆ ಎರಡು-ಮೂರು ಕಂತು ಮಾಡಿ. ಹಾಕೋ ಜಾಗ ಕಾಂಡದ ಬುಡ ಅಲ್ಲ, ಗಿಡದ ನೆರಳಿನ ಅಂಚು, ಆಹಾರ ಹೀರೋ ಬೇರು ಅಲ್ಲಿರ್ತವೆ. ಡ್ರಿಪ್ ಇದ್ದವರು ವಾರವಾರ ಸ್ವಲ್ಪ ಸ್ವಲ್ಪ ಬಿಡಬಹುದು, ಅದಕ್ಕಿಂತ ಒಳ್ಳೇದು ಇಲ್ಲ.

ಇಲ್ಲಿ ನನ್ನ ತಪ್ಪು ಹೇಳ್ಬೇಕು. ಒಂದು ಅಂಬೆ ಬಹಾರದಲ್ಲಿ ಮಿಡಿ ಬೀಳೋದು ನೋಡಿ ಗಾಬರಿಯಾಗಿ ಗಿಡಕ್ಕೆ ಅರ್ಧ ಕೆಜಿ ಯೂರಿಯಾ ಹಾಕಿ ಪಾತಿ ತುಂಬಾ ನೀರು ಬಿಟ್ಟೆ. ಹತ್ತು-ಹದಿನೈದು ದಿನಕ್ಕೆ ಗಿಡದ ತುಂಬಾ ಚಿಗುರೋ ಚಿಗುರು, ನೋಡ್ದೋರೆಲ್ಲಾ ಭೇಷ್ ಅಂದ್ರು, ಉಳಿದಿದ್ದ ಮಿಡಿನೂ ಅಷ್ಟರಲ್ಲಿ ನೆಲಕ್ಕೆ. ಎಳೆ ಚಿಗುರು ಮೊದಲ ಕೆಲವು ವಾರ ತಾನೇ ಸಕ್ಕರೆ ತಿನ್ನೋದು, ಕೊಡೋದಲ್ಲ. ಮಿಡಿಗೂ ಚಿಗುರಿಗೂ ಜಗಳ ಹಚ್ಚಿ ಕೂತಿದ್ದು ನಾನೇ. ಮಿಡಿ ಮೆಣಸಿನಕಾಳಿಂದ ಗೋಲಿ ಗಾತ್ರ ಆಗೋ ತನಕ ಬುಡಕ್ಕೆ ಯೂರಿಯಾ ಚೀಲ ಮುಟ್ಟಬೇಡಿ.

ಪೊಟ್ಯಾಶ್ ಬಗ್ಗೆ ಒಂದು ಮಾತು. ಕಡಿಮೆ ಆದ್ರೆ ಕಾಯಿ ಸಣ್ಣ, ಸಿಪ್ಪೆ ತೆಳು, ಸೀಳೋದು, ಉದುರೋದು. ಹಂಗಂತ ಸುರಿದ್ರೆ ಸಿಪ್ಪೆ ದಪ್ಪ, ಒರಟು, ರಸ ಕಡಿಮೆ, ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಒಳಗೆ ಹೋಗೋಕೆ ಅಡ್ಡಿ. ಕಾಗ್ಜಿ ಅಂದ್ರೇನೇ ಕಾಗದದಂಥ ಸಿಪ್ಪೆ, ಅದನ್ನ ಕೆಡಿಸ್ಕೊಂಡು ಮಾರ್ಕೆಟ್ಟಲ್ಲಿ ರೇಟ್ ಕೇಳೋಕಾಗಲ್ಲ.

ಕೊಡಗು, ಮಲೆನಾಡಿನವರು ಇಲ್ಲಿ ಬೇರೆ ದಾರಿ ಹಿಡೀಬೇಕು. ಕಾಫಿ ತೋಟದ ನಡುವಿನ ಕಿತ್ತಳೆಗೆ ಮಣ್ಣು ಹುಳಿ, ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿರ್ತವೆ, ಅಲ್ಲಿ ಮೊದಲು ಪಿಎಚ್ ನೋಡಿ ಸುಣ್ಣ ಅಥವಾ ಡೋಲೊಮೈಟ್. ಅದೇ ಸುಣ್ಣ ಇಂಡಿಯಲ್ಲಿ ಹಾಕಿದ್ರೆ ಗಿಡಕ್ಕೆ ವಿಷ ಹಾಕಿದಂಗೆ. ಇನ್ನು ದಟ್ಟ ನೆರಳಲ್ಲಿ ಎಲೆ ಸಕ್ಕರೆ ಮಾಡೋದೇ ಕಡಿಮೆ, ಅಲ್ಲಿ ಗೊಬ್ಬರಕ್ಕಿಂತ ಮೇಲಿನ ಮರದ ಟೊಂಗೆ ಸವರೋದು ಹೆಚ್ಚು ಕಾಯಿ ನಿಲ್ಲಿಸ್ತದೆ. ಮಳೆಗಾಲದಲ್ಲಿ ಕಾಯಿ ಕೊಳೆತು ಬೀಳೋದು ಕೊಳೆರೋಗ, ಅದು ಬೇರೆ ಅಧ್ಯಾಯ.

ಆರನೇ ಹೆಜ್ಜೆ: ನೀರು

ಚಿಕ್ಕದಾಗಿ ಹೇಳ್ತೀನಿ. ನೀರಿಲ್ದೆ ಗೊಬ್ಬರ ಬೇರಿಗೆ ಹೋಗಲ್ಲ. ಕ್ಯಾಲ್ಸಿಯಂ ಅಂತೂ ನೀರಿನ ಹರಿವಿನ ಜೊತೆನೇ ಮಿಡಿಗೆ ಸೇರ್ಬೇಕು, ಅದೂ ಮೊದಲ ಕೆಲವು ವಾರದಲ್ಲಿ ಹೆಚ್ಚು, ಆಮೇಲೆ ಕಾಯಿ ಸಿಪ್ಪೆ ಮೇಣ ಕಟ್ಟಿ ನೀರು ಬಿಡೋದು ಕಡಿಮೆ ಆದಂಗೆ ಕ್ಯಾಲ್ಸಿಯಂ ಬರೋದೂ ಕಡಿಮೆ. ಬಾಡ್ಸಿದ ಗಿಡಕ್ಕೆ ಮೊದಲ ನೀರು ತೆಳುವಾಗಿ, ನಾಲ್ಕೈದು ದಿನ ಬಿಟ್ಟು ಎರಡನೇದು ಸ್ವಲ್ಪ ಜಾಸ್ತಿ, ಆಮೇಲೆ ಪೂರ್ತಿ. ಅಂಬೆ ಬಹಾರದ ಮಿಡಿ ಸರಿಯಾಗಿ ಏಪ್ರಿಲ್ ಬಿಸಿಲಿಗೆ ಸಿಗ್ತದೆ, 40 ಡಿಗ್ರಿ ದಾಟಿದ ಮಧ್ಯಾಹ್ನ ಎಲೆ ಬಾಯಿ ಮುಚ್ಕೊಂಡು ಸಕ್ಕರೆ ಮಾಡೋದೇ ನಿಲ್ಲಿಸ್ತದೆ. ಆಗ ಪಾತಿಗೆ ಕಬ್ಬಿನ ರವದಿನೋ ತೊಗರಿ ಹೊಟ್ಟೋ ಮುಚ್ಚಿಗೆ, ನೀರು ಕಡಿಮೆ ಕಡಿಮೆ ಆದ್ರೂ ಬೇಗ ಬೇಗ. ಎಂಟು ದಿನ ಒಣಗ್ಸಿ ಒಂಬತ್ತನೇ ದಿನ ಕೆರೆ ಮಾಡೋದು ಉದುರಿಸೋಕೆ ಬೆಸ್ಟ್ ಉಪಾಯ.

ಏಳನೇ ಹೆಜ್ಜೆ: ಎಲೆ ಮೇಲಿನ ಸ್ಪ್ರೇ, ಯಾವಾಗ ಏನು

ಎಲ್ಲಾ ಲೆಕ್ಕ 100 ಲೀಟರ್ ನೀರಿಗೆ.

ಹೂವಿಗೆ ಮುಂಚಿನ ಚಿಗುರು ಮುಕ್ಕಾಲು ಬಲಿತಾಗ ಜಿಂಕ್ ಸಲ್ಫೇಟ್ 500 ಗ್ರಾಂ, ಅದರ ಜೊತೆ ಸುಟ್ಟ ಸುಣ್ಣ ನೀರಲ್ಲಿ ಅರಳ್ಸಿ ಸೋಸಿದ್ದು 250 ಗ್ರಾಂ. ಸುಣ್ಣ ಯಾಕೆ ಅಂದ್ರೆ ಬರೀ ಜಿಂಕ್ ಸಲ್ಫೇಟ್ ಹುಳಿ, ಎಲೆ ಸುಡ್ತದೆ. ಎರಡನ್ನೂ ಬೇರೆ ಬೇರೆ ಬಕೆಟಲ್ಲಿ ಕರಗ್ಸಿ ಕೊನೆಗೆ ಸೇರಿಸ್ರಿ. ಫಾಸ್ಫೇಟ್ ಇರೋ ಗೊಬ್ಬರದ ಜೊತೆ ಬೆರೆಸಬೇಡಿ, ಹಾಲು ಒಡೆದಂಗೆ ಆಗಿ ನಾಝಲ್ ಕಟ್ಕೊಳ್ತದೆ. ಕಬ್ಬಿಣ, ಮ್ಯಾಂಗನೀಸ್ ಕೂಡ ಕಡಿಮೆ ಇದ್ದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಿಟ್ರಸ್ ಸ್ಪೆಷಲ್ ಮಿಶ್ರಣ ತಗೊಂಡ್ರೆ ಒಂದರಲ್ಲೇ ಮುಗೀತದೆ, ಪ್ಯಾಕೆಟ್ ಮೇಲೆ ಬರೆದ ಪ್ರಮಾಣ ದಾಟಬೇಡಿ. ಕಬ್ಬಿಣ ಬುಡಕ್ಕೇ ಕೊಡ್ಬೇಕು ಅನ್ನೋರಿಗೆ ಎಚ್ಚರಿಕೆ: ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಗೋ ಇಡಿಟಿಎ ಕಬ್ಬಿಣ ನಮ್ಮ ಸುಣ್ಣದ ಮಣ್ಣಲ್ಲಿ ನಿಲ್ಲಲ್ಲ, ಇಡಿಡಿಎಚ್ಎ ಬೇಕು, ಕೆಂಪು-ಕಂದು ಪುಡಿ (ಇಡಿಟಿಎ, ಇಡಿಡಿಎಚ್ಎ ಎರಡೂ ಕಬ್ಬಿಣ ಕರಗಿದ ರೂಪದಲ್ಲೇ ಇರೋ ಹಂಗೆ ಹಿಡಿದಿಡೋ ರಾಸಾಯನಿಕ). ಇಡಿಟಿಎ ಎಲೆಗೆ ಹೊಡೆಯೋಕೆ ಓಕೆ.

ಮೊಗ್ಗು ಬಿಡೋ ಮುಂಚೆ ಯೂರಿಯಾ ಸ್ಪ್ರೇ, 1 ಕೆಜಿ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿವಿಯ ಕೆರೋಲ್ ಲೋವಾಟ್ ನೇವಲ್ ಕಿತ್ತಳೆ ಮೇಲೆ ಕೆಲಸ ಮಾಡಿ, ಹೂವಿಗೆ ಮುಂಚೆ ಚಳಿಗಾಲದಲ್ಲಿ ಎಲೆಗೆ ಯೂರಿಯಾ ಹೊಡೆದ್ರೆ ಹೂವು, ಇಳುವರಿ ಹೆಚ್ಚೋದನ್ನ ತೋರಿಸಿದವರು. ಆದ್ರೆ ಅವರು ಬಳಸಿದ್ದು ಬೈಯುರೆಟ್ (ಯೂರಿಯಾ ತಯಾರಾಗುವಾಗ ಸೇರ್ಕೊಳ್ಳೋ ಕಲ್ಮಶ) ಕಡಿಮೆ ಇರೋ ಯೂರಿಯಾ. ನಮ್ಮ ಚೀಲದ ಯೂರಿಯಾದಲ್ಲಿ ಬೈಯುರೆಟ್ 1.5 ಪರ್ಸೆಂಟ್ ತನಕ ಇರೋಕೆ ಕಾನೂನು ಒಪ್ತದೆ, ಸಿಟ್ರಸ್ ಎಲೆಗೆ ಕಾಲು ಪರ್ಸೆಂಟಿಗಿಂತ ಕಡಿಮೆ ಇರ್ಬೇಕು. ಪದೇ ಪದೇ ಚೀಲದ್ದು ಹೊಡೆದ್ರೆ ಎಲೆ ತುದಿ ಹಳದಿ ಆಗಿ ಹಂಗೇ ಉಳೀತದೆ, ಜನ ಅದನ್ನೂ ಕೊರತೆ ಅಂದ್ಕೊಂಡು ಮತ್ತೆ ಸ್ಪ್ರೇ ಮಾಡ್ತಾರೆ. ಲೋ-ಬೈಯುರೆಟ್ ಸಿಗದಿದ್ರೆ ವರ್ಷಕ್ಕೆ ಒಂದೇ ಸಲ ಸಾಕು.

ಮೊಗ್ಗು ಬಿಳಿ ಆಗೋ ಹೊತ್ತಿಗೆ ಬೋರಿಕ್ ಆಸಿಡ್ 100 ಗ್ರಾಂ, ಒಂದೇ ಸಲ. ಬೋರಾನ್‌ನಲ್ಲಿ ಕೊರತೆಗೂ ವಿಷಕ್ಕೂ ನಡುವೆ ಜಾಗ ಬಹಳ ಸಣ್ಣದು, ನೀರಿನ ಟೆಸ್ಟಲ್ಲಿ ಬೋರಾನ್ ಇದ್ರೆ ಇದನ್ನ ಪೂರ್ತಿ ಬಿಡ್ರಿ.

ಮಿಡಿ ಬಟಾಣಿ ಗಾತ್ರಕ್ಕೆ ಬಂದಾಗ ಪೊಟ್ಯಾಶಿಯಂ ನೈಟ್ರೇಟ್, ಅದೇ 13-0-45, 1 ಕೆಜಿ. ಇದನ್ನ ಗೋಲಿ ಗಾತ್ರದಲ್ಲಿ ಇನ್ನೊಮ್ಮೆ. ಇದು ಉದುರೋದು ನಿಲ್ಲಿಸೋದಕ್ಕಿಂತ ಉಳಿದ ಕಾಯಿ ಉಬ್ಬಿಸೋಕೆ ಹೆಚ್ಚು ಕೆಲಸ ಮಾಡ್ತದೆ. ಸ್ಪ್ರೇ ಯಾವುದಾದ್ರೂ ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ, ಎಲೆಯ ಕೆಳಬದಿ ತೋಯಬೇಕು. ಬಾಡಿದ ಗಿಡಕ್ಕೆ ಬೇಡ, ಮೊದಲು ನೀರು, ಮರುದಿನ ಸ್ಪ್ರೇ.

ಎಂಟನೇದು: ಹಾರ್ಮೋನ್ ಬಾಟ್ಲಿ

ಕೇಳೇ ಕೇಳ್ತೀರಿ, ಅದಕ್ಕೆ ಹೇಳ್ತೀನಿ. ನಾಗಪುರದ ಕಡೆ ಕಿತ್ತಳೆಯಲ್ಲಿ ಕಾಯಿ ಉದುರೋದಕ್ಕೆ 100 ಲೀಟರಿಗೆ ಒಂದೂವರೆ ಗ್ರಾಂ ಜಿಎ3 (ಮೇಲೆ ಹೇಳಿದ ಜಿಬ್ಬರೆಲಿನ್ನೇ, ಪುಡಿ ರೂಪದಲ್ಲಿ) ಅಥವಾ 2,4-ಡಿ, ಅಂದ್ರೆ 15 ಪಿಪಿಎಂ, ಜೊತೆಗೆ 1 ಕೆಜಿ ಯೂರಿಯಾ ಸೇರಿಸಿ ಹೊಡೆಯೋ ರೂಢಿ ಇದೆ. ಜಿಎ3 ಪುಡಿ ನೀರಲ್ಲಿ ನೇರ ಕರಗಲ್ಲ, ಮೊದಲು ಸ್ವಲ್ಪ ಆಲ್ಕೋಹಾಲಲ್ಲಿ ಕರಗಿಸ್ಬೇಕು. ಎಲೆ ಹಸಿರಿದ್ದು ಬಿಸಿಲು, ಗಾಳಿಯಿಂದ ಉದುರ್ತಿದ್ರೆ ಜಿಎ3 ಸಹಾಯ ಮಾಡ್ತದೆ. ಎಲೆನೇ ಇಲ್ಲದ ಗಿಡಕ್ಕೆ ಹೊಡೆದ್ರೆ ನಾಲ್ಕು ದಿನ ಜಾಸ್ತಿ ನಿಂತು ಆಮೇಲೆ ಬೀಳ್ತವೆ, ಊಟ ಇಲ್ದೆ ಬರೀ ಟಾನಿಕ್ ಕುಡಿಸಿದಂಗೆ.

2,4-ಡಿ ನಾನು ಮುಟ್ಟಲ್ಲ. ಅದು ಕಳೆನಾಶಕದ ಜಾತಿ. ವಿಜಯಪುರದಲ್ಲಿ ಪಕ್ಕದ ಹೊಲದಲ್ಲಿ ದ್ರಾಕ್ಷಿನೋ ಹತ್ತಿನೋ ತೊಗರಿನೋ ಇದ್ದೇ ಇರ್ತದೆ, ದ್ರಾಕ್ಷಿ, ಹತ್ತಿಗೆ ಅದರ ಗಾಳಿ ಸೋಕಿದ್ರೂ ಎಲೆ ಬೀಸಣಿಗೆ ಥರ ಮುದುಡ್ತವೆ, ಆಮೇಲೆ ಬದುವಿನ ಜಗಳ ಯಾರಿಗೆ ಬೇಕು. ಪಂಪಿಗೆ ಅದು ಒಮ್ಮೆ ತಾಗಿದ್ರೆ ಅದೇ ಪಂಪಲ್ಲಿ ಬೇರೆ ಬೆಳೆಗೆ ಹೊಡೆಯೋದೂ ಅಪಾಯ. ತೊಗಟೆ ಉಂಗುರ ಕೊಯ್ಯೋದನ್ನೂ ಕೆಲವರು ಹೇಳ್ತಾರೆ, ಸಕ್ಕರೆ ಬೇರಿಗೆ ಇಳಿಯದಂಗೆ ತಡೆದು ಕಾಯಿ ನಿಲ್ಲಿಸ್ತದೆ ನಿಜ, ಆದ್ರೆ ಗೋಂದು ರೋಗ ಇರೋ ನಮ್ಮ ತೋಟಗಳಲ್ಲಿ ಗಿಡಕ್ಕೆ ಗಾಯ ಮಾಡೋ ಧೈರ್ಯ ನನಗಿಲ್ಲ.

ಕೊನೆಯದು: ಎಣಿಸ್ರಿ

ಇದಿಲ್ದೆ ಮೇಲಿನದ್ದೆಲ್ಲಾ ನಂಬಿಕೆ ಅಷ್ಟೇ. ಐದು ಗಿಡ ಆರಿಸಿ, ಪ್ರತಿ ಗಿಡದಲ್ಲಿ ನಾಲ್ಕು ದಿಕ್ಕಿಗೆ ಒಂದೊಂದು ಟೊಂಗೆಗೆ ಬಣ್ಣದ ದಾರ ಕಟ್ಟಿ. ಹೂವು ಅರಳಿದ ದಿನ ದಾರದಿಂದ ತುದಿ ತನಕ ಹೂವು, ಮೊಗ್ಗು ಎಣಿಸಿ ಬರ್ಕೊಳ್ರಿ, ಆಮೇಲೆ 15 ದಿನಕ್ಕೊಮ್ಮೆ ಉಳಿದ ಮಿಡಿ. ಮೊದಲ ಎಣಿಕೆಗೂ ಎರಡನೇದಕ್ಕೂ ನಡುವೆ ರಾಶಿ ಬಿದ್ರೆ ಹೂವಿನ ಬಲ, ಬೋರಾನ್, ಜೇನು, ಮಳೆ ಕಡೆ ನೋಡ್ರಿ. ಬಟಾಣಿ ಗಾತ್ರದ ತನಕ ಚೆನ್ನಾಗಿ ನಿಂತು ಆಮೇಲೆ ಸುರಿದ್ರೆ ಎಲೆ ಸಾಲದು, ನೀರು ಸಾಲದು, ಅಥವಾ ಚಿಗುರು ಜಗಳ.

ಮತ್ತೆ ಯಾವ ಹೊಸ ಸ್ಪ್ರೇ ತಂದ್ರೂ ಒಂದು ಸಾಲು ಬಿಟ್ಟು ಹೊಡೀರಿ, ಆ ಸಾಲಿಗೂ ದಾರ ಕಟ್ಟಿರ್ಲಿ. ಹೋದ ಹಸ್ತ ಬಹಾರದಲ್ಲಿ ನಾನು ಹಂಗೆ ಬಿಟ್ಟ ಸಾಲಿಗೂ ದುಬಾರಿ ಟಾನಿಕ್ ಹೊಡೆದ ಸಾಲಿಗೂ ನೂರು ಹೂವಿಗೆ ನಿಂತ ಕಾಯಿ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂತು, ಜಿಂಕ್ ಹೊಡೆದ ಸಾಲು ಮಾತ್ರ ಬೇರೆ ಕಾಣ್ತಿತ್ತು. ಆ ಟಾನಿಕ್ಕಿನ ಇನ್ನೊಂದು ಬಾಟ್ಲಿ ಸೀಲ್ ಒಡೀದೆ ಶೆಡ್ಡಲ್ಲೇ ಕೂತಿದೆ.